ಜಾಹೀರಾತಿನ ಕೆಳಗಿನ ನಾಲ್ಕು ಸಾಲು

ಕಳೆದ ತಿಂಗಳು ಚನ್ನಗಿರಿಯ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಅಚ್ಚಿನ ಮೊಳೆಗಳನ್ನು ಸುರಿದಿದ್ದರು. ಮಸಿ, ಸೀಮೆಎಣ್ಣೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದರು...

ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯ ಒಂದು ವಾರಪತ್ರಿಕೆಗೆ ನಾನೊಬ್ಬನೇ ವರದಿಗಾರ. ಅಡಿಕೆ ವ್ಯಾಪಾರದ ಮನೆಯವನು, ಪದವೀಧರ ಎಂಬ ಜಂಬ ಬೇರೆ. ಅಕ್ಕ ಅಲ್ಲಿ ಮೊಳೆ ಜೋಡಿಸುತ್ತಿದ್ದರು. ಹೊನ್ನಾಳಿಯ ದಲಿತ ಕೇರಿಯವರು, ನನಗಿಂತ ಐದಾರು ವರ್ಷ ದೊಡ್ಡವರು. ಪ್ರೆಸ್ಸಿನವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಜಾಹೀರಾತುಗಳ ಕೆಳಗೆ ಒಮ್ಮೊಮ್ಮೆ ಜಾಗ ಉಳಿಯುತ್ತಿತ್ತು. "ಏನಾದ್ರೂ ತುಂಬಮ್ಮ" ಎಂದು ಯಜಮಾನರು ಹೇಳಿದರೆ ಅಕ್ಕ ಕಾಗದದ ಮೇಲೆ ಬರೆಯದೆ ನೇರವಾಗಿ ಮೊಳೆಯಲ್ಲೇ ನಾಲ್ಕು ಸಾಲು ಜೋಡಿಸುತ್ತಿದ್ದರು. ಉಬ್ರಾಣಿಯ ಕೂಲಿ ಹೆಂಗಸೊಬ್ಬಳು ಮಗಳನ್ನು ಹೈಸ್ಕೂಲಿಗೆ ಸೇರಿಸಿದ್ದು, ಬಸವಾಪಟ್ಟಣದ ಕೇರಿಗೆ ಕಂಬ ಬಂದೂ ದೀಪ ಬರದಿದ್ದದ್ದು... ಕೆಳಗೆ ಹೆಸರು ಇರುತ್ತಿರಲಿಲ್ಲ. ಅಂಥವರ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿದ್ದದ್ದು ಆ ಮೂಲೆ ಮಾತ್ರ. ಉಳಿದದ್ದೆಲ್ಲ ಸಚಿವರ ಭೇಟಿ, ಸನ್ಮಾನ, ನನ್ನ ಉದ್ದುದ್ದ ವರದಿಗಳು. ಜನ ಹುಡುಕಿ ಓದುತ್ತಿದ್ದದ್ದು ಆ ನಾಲ್ಕು ಸಾಲನ್ನು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಬಸವಾಪಟ್ಟಣದ ಮುದುಕರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು. "ನಿಮ್ಮನ್ನ ನೋಡಾಕೇ ಬಂದೆ ಕಣ್ರಿ. ನೀವು ಬರೆದ ಮ್ಯಾಲೆ ದೀಪ ಹತ್ತೈತೆ. ನಮ್ ಕೇರಿ ಸುದ್ದಿ ಪೇಪರ್‌ನಾಗೆ ನೋಡಿದ್ದು ಇದೇ ಮೊದ್ಲು."

ನಾನಲ್ಲ ಎನ್ನಲಿಲ್ಲ. ನಕ್ಕು, ಕೂರಿಸಿ, ಚಹಾ ತರಿಸಿದೆ. ಮೊಳೆಗಳ ಮುಂದೆ ಅಕ್ಕನ ಕೈ ಒಂದು ಗಳಿಗೆ ನಿಂತು, ಮತ್ತೆ ಓಡತೊಡಗಿತು.

ಆ ವರ್ಷದ ದೀಪಾವಳಿ ಸಂಚಿಕೆಗೆ ನ್ಯಾಮತಿಯ ಹೋಟೆಲೊಂದು ಅರ್ಧ ಪುಟದ ಜಾಹೀರಾತು ಕೊಟ್ಟಿತ್ತು. ಅದೇ ಸಂಚಿಕೆಯ ಪ್ರೂಫಿನಲ್ಲಿ ಅಕ್ಕನ ಸಾಲುಗಳು ಕಂಡವು: ಆ ಹೋಟೆಲಿನಲ್ಲಿ ಕೇರಿಯವರ ಲೋಟಗಳು ಹಿತ್ತಲ ಗೋಡೆಯ ಮೇಲಿರುತ್ತವೆ, ಹೊರಗೇ ಕುಡಿದು ತಾವೇ ತೊಳೆದಿಡಬೇಕು. ಇಂಥ ತುಂಡು ಸುದ್ದಿಗಳನ್ನು ಯಜಮಾನರು ನೋಡುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅಚ್ಚಾಗುತ್ತಿತ್ತು. ಅಚ್ಚಾದರೆ ನಾಲ್ಕು ತಾಲ್ಲೂಕಿನಲ್ಲೂ ಅದೇ ಮಾತಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಪ್ರೂಫನ್ನು ಒಯ್ದು ಯಜಮಾನರ ಮೇಜಿನ ಮೇಲಿಟ್ಟೆ.

ಅವರು ಅಕ್ಕನನ್ನು ಕರೆದರು. "ಇದ್ನ ತಗದುಬಿಡಮ್ಮ. ಜಾಹೀರಾತು ನಿಂತ್ರೆ ಪೇಪರ್ರೇ ನಿಲ್ತೈತೆ. ಮೊದ್ಲು ಅವ್ರ ಜಾಹೀರಾತು ಜೋಡ್ಸು."

ಅಕ್ಕ ತಮ್ಮ ಸಾಲುಗಳನ್ನು ತಾವೇ ಬಿಚ್ಚಿದರು. ಜಾಹೀರಾತನ್ನೂ ಜೋಡಿಸಿದರು. ಇಡ್ಲಿ, ದೋಸೆ, ಶುಚಿ, ರುಚಿ, ಒಂದು ತಪ್ಪಿಲ್ಲ. ಕೊನೆಯ ಸಾಲು ಮಾತ್ರ ಖಾಲಿ. ಅಲ್ಲಿ 'ಸರ್ವರಿಗೂ ಸ್ವಾಗತ' ಎಂದಿರಬೇಕಿತ್ತು.

"ಅದನ್ನ ನಾನು ಜೋಡ್ಸಲ್ರಿ," ಎಂದರು ಅಕ್ಕ. "ಅಲ್ಲಿ ಒಳಗೆ ಕುಂತು ಚಾ ಕುಡಿದೋರ ಕೈಲಿ ಜೋಡಿಸ್ರಿ."

ಕೈ ತೊಳೆದು, ಬುತ್ತಿಯ ಡಬ್ಬಿ ಎತ್ತಿಕೊಂಡು ಹೊರಟರು. ಮತ್ತೆ ಬರಲಿಲ್ಲ. ಆ ಸಾಲನ್ನು ಜೋಡಿಸಿದವನು ನಾನು.

ಆ ಮೂಲೆಯೂ ನನ್ನದಾಯಿತು. ನಲ್ಲೂರಿನ ಕೇರಿಗೆ ಹೋದೆ. ಕೇಳಿದ್ದಕ್ಕಷ್ಟೇ ಉತ್ತರ ಸಿಕ್ಕಿತು. ಜಗಳೂರಿನ ಓದುಗರೊಬ್ಬರು ಕಾರ್ಡು ಬರೆದರು, ಮೊದಲು ಬರೆಯುತ್ತಿದ್ದವರು ಎಲ್ಲಿ ಹೋದರೆಂದು. ಹೊರಟುಹೋದವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಆಗ ತಿಳಿಯಿತು...

ಗುಜರಿ ಅಂಗಡಿಯ ಮುಂದೆ ನಿಂತ ಮರುವಾರ ಹೊನ್ನಾಳಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿ ಅವರ ಫೋಟೋ. ಆ ನಾಲ್ಕು ಸಾಲುಗಳ ವಿಷಯ ಹೇಳಿದಾಗ ಅವರ ಮಗಳಿಗೆ ಬೆರಗು. "ಅವ್ವ ಪೇಪರಿಗೆ ಬರೀತಿದ್ಲಾ? ನಮಗೆ ಹೇಳೇ ಇಲ್ವಲ್ರಿ. ಒಂದಾದ್ರೂ ಐತಾ ನಿಮ್ಮತ್ರ?"

ನನ್ನ ವರದಿಗಳನ್ನೆಲ್ಲ ಕತ್ತರಿಸಿ ಅಂಟಿಸಿಟ್ಟುಕೊಂಡಿದ್ದೇನೆ. ಅಕ್ಕನದು ಒಂದೂ ಇರಲಿಲ್ಲ. ಆದರೆ ಹೊಟ್ಟೆ ಉರಿದುಕೊಂಡು ಓದಿದ್ದು ಮರೆಯುವುದಿಲ್ಲ. ಉಬ್ರಾಣಿಯ ಹೆಂಗಸಿನ ಸುದ್ದಿಯನ್ನು ಒಂದಕ್ಷರ ಬಿಡದೆ ಹೇಳಿದೆ. ಆಕೆ ಬರೆದುಕೊಂಡಳು.

"ಕೆಳಗೆ ಯಾರ ಹೆಸ್ರು ಹಾಕ್ಲಿ?"

"ನಿಮ್ಮವ್ವನದು" ಎಂದೆ. ಇಷ್ಟು ಹೇಳಲು ನನಗೆ ನಲವತ್ತು ವರ್ಷ ಬೇಕಾಯಿತು. ಪ್ರೂಫಿನ ಸಂಗತಿ ಹೇಳಲು ಅಲ್ಲಿಯೂ ಬಾಯಿ ಬರಲಿಲ್ಲ. ಅದನ್ನು ಕೇಳಬೇಕಿದ್ದವರು ಈಗ ಇಲ್ಲ...