ರಾಜಮ್ಮಣ್ಣಿಯವರ ಜಗಲಿ

ಬೈಗುಳವಿರಲಿ ಹೊಗಳಿಕೆಯಿರಲಿ, ರಾಜಮ್ಮಣ್ಣಿಯವರು ಎಲ್ಲವನ್ನೂ ಒಂದೇ ದನಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ‘ನಿನ್ನ ಮೂತಿಗೆ ನನ್ನ ಎಕ್ಕಡ’ ಎಂದು ಯಾರಾದರೂ ಬರೆದಿದ್ದರೆ ಅದನ್ನೂ ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದುವರು. ಪಕ್ಕದ ಕಂಪ್ಯೂಟರುಗಳ ಮುಂದೆ ಕೂತವರು ಬೆಚ್ಚಿ ತಿರುಗಿ ನೋಡಿದರೆ ಕಾಣುತ್ತಿದ್ದುದು ಹಣೆಗೆ ವಿಭೂತಿ ಇಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಅರವತ್ತರ ಹೆಂಗಸು.

ಎರಡು ಸಾವಿರದ ಐದು–ಆರರ ಸುಮಾರು ಅದು. ಕುವೆಂಪುನಗರದಲ್ಲಿ ನನ್ನದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಮೈಸೂರಿನವರು ಕನ್ನಡದಲ್ಲೇ ಹರಟಲಿ ಅಂತ ನಾನೊಂದು ವೆಬ್‌ಸೈಟ್ ಮಾಡಿ ‘ಜಗಲಿ’ ಎಂದು ಹೆಸರಿಟ್ಟಿದ್ದೆ. ಮೊದಮೊದಲು ನಲ್ಲಿ ನೀರು, ಬೀದಿದೀಪ, ಬಸ್ಸಾರು ಮಾಡುವ ಬಗೆ. ಆರು ತಿಂಗಳಾಗುವಷ್ಟರಲ್ಲಿ ಜಗಳ. ಯಾವ ಮಾತನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂದು ನೋಡಿಕೊಳ್ಳಲು ಒಬ್ಬರು ಬೇಕಾದರು. ಆಗ ಸಿಕ್ಕವರು ಇವರು. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾಗಿ, ಮಗಳಿಗೆ ಈಮೇಲ್ ಕಳಿಸಲು ನನ್ನ ಸೆಂಟರಿಗೆ ಬರುತ್ತಿದ್ದರು.

“ಸಾಕ್ಷಿ ಏನ್ ಹೇಳ್ದ ಅನ್ನೋದು ಮುಖ್ಯ ಕಣಪ್ಪ, ಅದು ನಂಗೆ ಎಂಗನ್ನಿಸ್ತು ಅನ್ನೋದಲ್ಲ” ಎಂದು ಮೊದಲ ದಿನವೇ ಹೇಳಿದರು. ಓದುವಾಗ ಗಟ್ಟಿಯಾಗಿ ಓದುವುದೇಕೆ ಎಂದು ಕೇಳಿದ್ದಕ್ಕೆ, “ಕಣ್ಣಿಗೆ ಸಿಟ್ಟು ಬೇಗ ಬರುತ್ತೆ. ಕಿವಿ ಸ್ವಲ್ಪ ನಿಧಾನ” ಅಂದರು.

ಒಬ್ಬ ನಿವೃತ್ತ ಎಂಜಿನಿಯರರು ಇವರ ಮೇಲೇ ತಿರುಗಿಬಿದ್ದು, ‘ಅಡುಗೆಮನೆಯಲ್ಲಿರಬೇಕಾದ ಹೆಂಗಸಿಗೆ ನಮ್ಮ ಮಾತು ಅಳೆಯುವ ಅಧಿಕಾರ ಕೊಟ್ಟವರು ಯಾರು?’ ಎಂದು ಬರೆದರು. ನಾನು ಅಳಿಸಲು ಹೋದೆ. ಇವರು ಕೈ ಹಿಡಿದು ತಡೆದು, ಕೆಳಗೆ ತಾವೇ ಉತ್ತರ ಟೈಪ್ ಮಾಡಿದರು: ‘ಅಡುಗೆ ಆಯಿತು. ಇವತ್ತು ಹುರುಳಿಕಾಳಿನ ಬಸ್ಸಾರು. ಈಗ ನಿಮ್ಮ ಪತ್ರ ಓದುತ್ತಿದ್ದೇನೆ.’ ಅದೇ ದಿನ ಇನ್ಯಾರೋ, ಜಗಲಿಯಲ್ಲಿ ಬರೆಯುತ್ತಿದ್ದ ಒಬ್ಬಳು ಹುಡುಗಿಯ ಹೆಸರು ಹಾಕಿ, ‘ಇವರ ಪಿ.ಜಿ. ಯಾವ ಕ್ರಾಸಿನಲ್ಲಿದೆ, ಗೊತ್ತಿದ್ದವರು ತಿಳಿಸಿ’ ಎಂದು ಬಲು ಮರ್ಯಾದೆಯಿಂದ ಕೇಳಿದ್ದರು. ಅದನ್ನು ರಾಜಮ್ಮಣ್ಣಿಯವರು ನೋಡಿದ ಕ್ಷಣವೇ ಕಿತ್ತುಹಾಕಿ, ಬರೆದವನನ್ನೂ ಹೊರಗೆ ಹಾಕಿದರು. “ಇದ್ರಲ್ಲಿ ಕೆಟ್ಟ ಮಾತೇ ಇಲ್ವಲ್ಲ ಮೇಡಂ” ಅಂದೆ. “ಮಾತು ಕೆಟ್ಟದ್ದಲ್ಲ. ಕೇಳ್ತಿರೋದು ದಾರಿ” ಅಂದರು.

ನನಗೆ ಆಗ ಅರ್ಥವಾಯಿತು ಎಂದುಕೊಂಡಿದ್ದೆ. ಆಗಿರಲಿಲ್ಲ.

ಒಂದು ಸೋಮವಾರ ‘ಮೂರನೇ ಕ್ಲಾಸಿನ ತಾಯಿ’ ಎಂಬ ಹೆಸರಿನಲ್ಲಿ ಒಂದು ಪತ್ರ ಬಂತು. ನಮ್ಮ ಬಡಾವಣೆಯ ಆಚೆಗಿದ್ದ ಒಂದು ಖಾಸಗಿ ಶಾಲೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ತನ್ನ ಮಗಳನ್ನೂ ಇನ್ನಿಬ್ಬರು ಮಕ್ಕಳನ್ನೂ ಬೇರೆ ಬೆಂಚಿಗೆ ಕೂರಿಸುತ್ತಾರೆ, ಜಾತಿ ತಿಳಿದ ಮೇಲೆ ಇದು ಶುರುವಾಯಿತು ಎಂದು ಆಕೆ ಬರೆದಿದ್ದಳು. ‘ನಿಮ್ಮನೆ ಊಟ ವಾಸನೆ ಅಂತ ಟೀಚರ್ ಅಂದರಂತೆ. ನನ್ನ ಮಗಳು ಈಗ ಡಬ್ಬಿ ತಗೊಂಡು ಹೋಗಲ್ಲ ಅಂತಾಳೆ. ಸಾಯಂಕಾಲದ ತನಕ ಉಪವಾಸ ಇರ್ತಾಳೆ.’

ರಾಜಮ್ಮಣ್ಣಿಯವರು ಎರಡು ಸಲ ಓದಿದರು. ಆಕೆ ಸದಸ್ಯೆಯಾಗುವಾಗ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ಯಾವ ದಿನ, ಯಾರು, ಏನಂದರು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. “ಶಾಲೆ ಹೆಸ್ರು ಇರ್ಲಿ ಕಣಮ್ಮ. ಟೀಚರ್ ಹೆಸ್ರು ಸದ್ಯಕ್ಕೆ ಬೇಡ, ಅವರ ಮಾತೂ ಕೇಳೋಣ” ಎಂದು ಒಪ್ಪಿಸಿ ಪತ್ರವನ್ನು ಹಾಕಿದರು. ಉತ್ತರ ಕೊಡಿ ಎಂದು ಶಾಲೆಗೂ ಒಂದು ಕಾಗದ ಹೋಯಿತು.

ಜಗಲಿ ಹೊತ್ತಿಕೊಂಡಿತು. ಜಾತಿ ಹಿಡಿದು ಬೈದವುಗಳನ್ನು ಇವರು ಬಂದ ಹಾಗೆಯೇ ತೆಗೆದರು. ‘ಇದೆಲ್ಲ ಕಟ್ಟುಕಥೆ’ ಎಂದವುಗಳನ್ನು ಬಿಟ್ಟರು. ಆ ತಾಯಿಗೆ ನೋವಾಗುವುದಿಲ್ಲವೇ ಎಂದು ನಾನು ರೇಗಿದೆ. “ಆಗುತ್ತೆ. ಆದ್ರೆ ನಂಬಲ್ಲ ಅನ್ನೋದು ಬೈಗುಳ ಅಲ್ಲ ಪ್ರಸನ್ನ. ನಂಬ್ದೇ ಇರೋರು ಇಲ್ಲೇ ಇದ್ರೆ ನಾಳೆ ನಂಬಬೋದು” ಅಂದರು.

ಬುಧವಾರ ಶಾಲೆಯ ಕಾರ್ಯದರ್ಶಿ ಇನ್ನಿಬ್ಬರನ್ನು ಕರೆದುಕೊಂಡು ಬೈಕುಗಳಲ್ಲಿ ಬಂದ. ಸೆಂಟರಿನ ಬಾಗಿಲಿಗೆ ಅಡ್ಡ ನಿಂತು, “ಯಾರ್ರೀ ಇಲ್ಲಿ ಓನರ್?” ಅಂದ.

“ಪತ್ರ ನೋಡ್ಕೊಳೋದು ನಾನು ಸ್ವಾಮಿ. ಕೂತ್ಕೊಳಿ” ಅಂದರು ರಾಜಮ್ಮಣ್ಣಿ.

“ಕೂರೋಕೆ ಬಂದಿಲ್ಲ. ಈಗಲೇ ಅದನ್ನ ತೆಗೀಬೇಕು. ಬರ್ದೋಳು ಯಾರು ಅಂತ ಹೇಳ್ಬೇಕು.”

“ಬರ್ದೋರ ಹೆಸ್ರು ಹೇಳಲ್ಲ. ನೀವು ಬರೀರಿ. ಒಂದಕ್ಷರ ಬಿಡ್ದೆ ಅದರ ಪಕ್ಕದಲ್ಲೇ ಹಾಕ್ತೀನಿ.”

“ಮಾನನಷ್ಟ ಅಂದ್ರೆ ಏನು ಗೊತ್ತೇನಮ್ಮ ನಿಂಗೆ?”

“ಮೂವತ್ತು ವರ್ಷ ಅದನ್ನೇ ಟೈಪ್ ಮಾಡಿದೀನಿ” ಅಂದರು. ಅವರು ಮುಂದೆ ಸರಿಸಿದ ಖಾಲಿ ಹಾಳೆಯನ್ನು ಮುಟ್ಟದೆ ಆತ ಬೈಕ್ ಹತ್ತಿ ಹೋದ.

ಮಾರನೇ ದಿನ ಅವರು ಅಗ್ರಹಾರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ಮೊಬೈಲ್ ಇಟ್ಟುಕೊಂಡವರಲ್ಲ. ಹನ್ನೊಂದು ಗಂಟೆಗೆ ನನಗೊಂದು ಫೋನ್ ಬಂತು. ಕಂಪ್ಲೇಂಟ್ ಕೊಟ್ಟಾಯಿತು, ಪೊಲೀಸಿನವರು ಬಂದು ಕಂಪ್ಯೂಟರುಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆ ಎಂದಿತು ಒಂದು ಗಂಡುದನಿ. ಫೋನ್ ಇಟ್ಟು ಜಗಲಿ ತೆರೆದರೆ, ಪತ್ರದ ಕೆಳಗೆ ಹೊಸದೊಂದು ಸಾಲು: ಆ ತಾಯಿಯ ಹೆಸರು ಭಾಗ್ಯ, ಗಂಡ ಡ್ರೈವರ್, ಬಾಡಿಗೆ ಮನೆ ಇಂಥ ಕ್ರಾಸಿನಲ್ಲಿ, ‘ಹೋಗಿ ವಿಚಾರಿಸಿಕೊಳ್ಳಿ’.

ಆ ಸಾಲನ್ನು ಒಂದೇ ಕ್ಲಿಕ್ಕಿನಲ್ಲಿ ತೆಗೆಯಬಹುದಿತ್ತು. ನಾನು ಪತ್ರವನ್ನೂ, ಅದರ ಕೆಳಗಿನ ಎಲ್ಲವನ್ನೂ ಒಟ್ಟಿಗೇ ಅಳಿಸಿಬಿಟ್ಟೆ. ಆಕೆಯನ್ನು ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಜೀವ ಹಗುರಾಯಿತು. ಹೋಗಿ ಕಾಫಿ ಕುಡಿದು ಬಂದೆ.

ಸಂಜೆ ಐದಕ್ಕೆ ರಾಜಮ್ಮಣ್ಣಿಯವರು ಬಂದು ಕೂತು, ಹುಡುಕಿ, ನನ್ನ ಕಡೆ ತಿರುಗಿದರು. ನಾನು ನಡೆದದ್ದನ್ನು ಹೇಳಿದೆ.

“ವಿಳಾಸ ತೆಗ್ದಿದ್ದು ಸರಿ. ಅವಳ ಮಾತು ಯಾಕೆ ತೆಗ್ದೆ?”

“ಹೆದರಿಕೆ ಆಯ್ತು ಮೇಡಂ.”

“ಹೆದರಿಕೆ ನಂಗೂ ಆಗುತ್ತೆ” ಅಂದು ಎದ್ದು ಹೋದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಸೆಂಟರಿನ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಭಾಗ್ಯ. ಕೈಯಲ್ಲಿ ಮಗಳ ಶಾಲೆಯ ಡೈರಿ. ಅದರೊಳಗೆ ಹಿಂದಿನ ಸಂಜೆಯೇ ಅಚ್ಚು ಮಾಡಿಸಿ ಎಲ್ಲ ಮಕ್ಕಳಿಗೂ ಅಂಟಿಸಿ ಕಳಿಸಿದ್ದ ಚೀಟಿ: ‘ನಮ್ಮ ಶಾಲೆಯ ವಿರುದ್ಧದ ಸುಳ್ಳು ಪತ್ರವನ್ನು ಸದರಿ ವೆಬ್‌ಸೈಟಿನವರೇ ತೆಗೆದುಹಾಕಿರುತ್ತಾರೆ.’

“ನಾನ್ ಬರ್ದಿದ್ದು ಸುಳ್ಳಾ ಅಣ್ಣ?” ಅಂದಳು. “ನಿನ್ನೆ ಮಧ್ಯಾಹ್ನ ಇಬ್ರು ಮನೆ ಹತ್ರ ಬಂದು ಕೂಗಾಡಿ ಹೋದ್ರು. ಅದಕ್ಕೆ ನಾನು ಅಳ್ಲಿಲ್ಲ. ಈ ಚೀಟಿ ಓದಿ ನನ್ ಮಗಳು ಕೇಳ್ತಾಳೆ, ಅಮ್ಮ, ನಾವು ಸುಳ್ಳು ಹೇಳುದ್ವಾ ಅಂತ.”

ಅಷ್ಟರಲ್ಲಿ ರಾಜಮ್ಮಣ್ಣಿಯವರು ಬಂದರು. ಚೀಟಿ ಓದಿದರು, ಆಕೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. “ಮೊದಲಿಂದ ಹೇಳಿ ಕಣಮ್ಮ. ನೀವು ಹೇಳ್ದಂಗೇ ಟೈಪ್ ಮಾಡ್ತೀನಿ.”

ಆಕೆ ಹೇಳಿದಳು. ಮೊದಲ ಪತ್ರದಲ್ಲಿ ಇಲ್ಲದ್ದೂ ಬಂತು: ಮಗು ಡಬ್ಬಿಯ ಅನ್ನವನ್ನು ದಾರಿಯಲ್ಲಿ ಚೆಲ್ಲಿ, ತಿಂದೆ ಎಂದು ಹೇಳುತ್ತಿದ್ದುದು, ಅದು ತಿಳಿದ ದಿನ ತಾನು ಮಗುವಿಗೆ ಹೊಡೆದದ್ದು. ಬ್ರೌಸಿಂಗಿಗೆ ಬಂದಿದ್ದವರು ಕಂಪ್ಯೂಟರ್ ಬಿಟ್ಟು ಕೇಳುತ್ತಿದ್ದರು.

“ಹೆಸ್ರು ಏನಂತ ಹಾಕ್ಲಿ?”

“ಭಾಗ್ಯ ಅಂತಲೇ ಹಾಕಿ.”

“ಯೋಚ್ನೆ ಮಾಡಿ. ಒಂದ್ಸಲ ಹಾಕುದ್ಮೇಲೆ ವಾಪಸ್ ತಗೊಳೋಕಾಗಲ್ಲ.”

“ತೆಗೆಯೋದು ಇವ್ರಿಗೆ ಬರುತ್ತಲ್ಲಮ್ಮ” ಎಂದು ಆಕೆ ನನ್ನನ್ನು ನೋಡಿದಳು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಪತ್ರ ಹೋಯಿತು. ಅದರ ಕೆಳಗೆ ರಾಜಮ್ಮಣ್ಣಿಯವರು ತಮ್ಮ ಎರಡು ಸಾಲು ಸೇರಿಸಿದರು: ‘ನಿನ್ನೆ ಇವರ ಮೊದಲ ಪತ್ರವನ್ನು ತೆಗೆದದ್ದು ನಮ್ಮ ತಪ್ಪು. ಸುಳ್ಳೆಂದು ತೆಗೆದದ್ದಲ್ಲ, ಹೆದರಿ ತೆಗೆದದ್ದು.’ ನನ್ನ ಹೆಸರು ಹಾಕಲಿಲ್ಲ. ಕೆಳಗೆ ರಾಜಮ್ಮಣ್ಣಿ ಎಂದಷ್ಟೇ ಇತ್ತು.

ಮಧ್ಯಾಹ್ನ ಸ್ಟೇಷನ್ನಿನಿಂದ ಕರೆ ಬಂತು. ಹೋದೆವು. ಕಾರ್ಯದರ್ಶಿ ಆಗಲೇ ಅಲ್ಲಿ ಕೂತಿದ್ದ. ನಮ್ಮನ್ನು ಎರಡು ಗಂಟೆ ಹೊರಗಿನ ಬೆಂಚಿನ ಮೇಲೆ ಕಾಯಿಸಿದರು. ಒಳಗೆ ಕರೆದ ಇನ್ಸ್‌ಪೆಕ್ಟರ್ ನಾವು ಪ್ರಿಂಟ್ ಮಾಡಿ ತಂದಿದ್ದ ಪತ್ರವನ್ನು ಓದಿ, “ಬರ್ದೋರು ಯಾರು?” ಅಂದರು. “ಹೆಸ್ರು ಕೆಳಗೇ ಇದೆ ಸ್ವಾಮಿ. ಇವತ್ತು ಬೆಳಿಗ್ಗೆ ಅವರೇ ಹಾಕ್ಸುದ್ರು” ಅಂದರು ಇವರು. ಇನ್ಸ್‌ಪೆಕ್ಟರ್ ಇನ್ನೊಮ್ಮೆ ಓದಿ, ಕಾರ್ಯದರ್ಶಿಯ ಕಡೆ ತಿರುಗಿ, “ಬೆಂಚು ಬೇರೆ ಇದ್ಯೇನ್ರೀ?” ಎಂದು ಕೇಳಿದರು. ಆತ ಶಿಸ್ತು, ವ್ಯವಸ್ಥೆ ಎಂದು ಏನೇನೋ ಹೇಳಿದ. ಇಲ್ಲ ಎನ್ನಲಿಲ್ಲ. ಕಂಪ್ಲೇಂಟು ಅಲ್ಲಿಗೇ ನಿಂತಿತು.

ಆ ವಾರ ಇನ್ನಿಬ್ಬರು ಮಕ್ಕಳ ಮನೆಯವರೂ ಹೆಸರು ಹಾಕಿ ಬರೆದರು. ಶಾಲೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಶುರುಮಾಡಿದರಂತೆ. ಭಾಗ್ಯ ಆ ವರ್ಷ ಮುಗಿದ ಮೇಲೆ ಮಗಳನ್ನು ಬೇರೆ ಶಾಲೆಗೆ ಸೇರಿಸಿದಳು. ನಾನು ಒಮ್ಮೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಕ್ಷಮೆ ಕೇಳಿದೆ. “ಆಯ್ತು ಬಿಡಿ ಅಣ್ಣ” ಅಂದು ನಡೆದಳು. ನನ್ನ ಸೆಂಟರಿಗೆ ಮತ್ತೆ ಬರಲಿಲ್ಲ.

ಮುಂದೆ ಜನ ಹೊಸ ಹೊಸ ಸೈಟುಗಳಿಗೆ ಹೋದರು, ಜಗಲಿ ಖಾಲಿಯಾಯಿತು. ಮೂರು ವರ್ಷದ ನಂತರ ಒಂದು ದಿನ ರಾಜಮ್ಮಣ್ಣಿಯವರು ಹೇಳಿಕಳಿಸಿದರು. ಹೋದರೆ ಮಂಚದಲ್ಲಿದ್ದರು, ಬಹಳ ಸೊರಗಿದ್ದರು. ಭಾಗ್ಯನ ಮಾತು ತೆಗೆಯುತ್ತಾರೆಂದು ನಾನು ಅಳುಕುತ್ತಲೇ ಕೂತೆ. ಅವರು ತೆಗೆದದ್ದು ಬೇರೆಯೇ.

“ಇಲವಾಲದ ಕಡೆಯೋರೊಬ್ರು ಬರೀತಿದ್ರು, ಸಿದ್ದರಾಜು ಅಂತ. ಫಿಟ್ಟರ್ ಕೆಲ್ಸ. ಗ್ಯಾಪಕ ಐತಾ?”

ನನಗೆ ಇರಲಿಲ್ಲ.

“ಆಡೋ ಹಂಗೇ ಬರೀತಿದ್ರು. ‘ಹೋಗು’ ಅನ್ನೋಕೆ ‘ಓಗು’. ಎಲ್ಲಾರೂ ಸೇರ್ಕೊಂಡು ನಕ್ಕುಬುಟ್ರು. ‘ಮೊದ್ಲು ಹಕಾರ ಕಲೀರಿ’ ಅಂದ್ರು. ಬೈಗುಳ ಇರ್ಲಿಲ್ಲ, ಅದಕ್ಕೇ ಬುಟ್ಟೆ. ನಂಗೂ ನಗು ಬಂದಿತ್ತು ಕಣೋ. ಅವರು ನಾಕೇ ಪತ್ರ ಬರ್ದಿದ್ದು, ಆಮೇಲೆ ಬರೀಲೇ ಇಲ್ಲ. ನಾನು ಬೈಗುಳ ಕಾಯ್ತಾ ಕೂತಿದ್ದೆ. ನಗು ನೋಡ್ಲಿಲ್ಲ.”

ಸಿದ್ದರಾಜು ಅವರಿಗೆ ತಪ್ಪೊಪ್ಪಿಕೊಂಡು ಒಂದು ಪತ್ರ ಬರೆಯಬೇಕು ಅಂದರು. ಅವರು ಹೇಳಿದರು, ನಾನು ಬರೆದುಕೊಂಡೆ. ನಾಲ್ಕೇ ಸಾಲು. ಹಳೆಯ ಈಮೇಲ್ ವಿಳಾಸ ಹುಡುಕಿ ಕಳಿಸಿದೆ.

ತಿಂಗಳು ಕಳೆದ ಮೇಲೆ ಫೋನ್ ಮಾಡಿ, ಉತ್ತರ ಬಂದಿಲ್ಲ ಮೇಡಂ, ಇನ್ನೊಂದ್ಸಲ ಕಳಿಸಲೇ ಎಂದು ಕೇಳಿದೆ. “ಬ್ಯಾಡ” ಅಂದರು. “ನಾವು ಕೇಳ್ದಾಗ ಅವ್ರು ಮಾತಾಡ್ಲೇಬೇಕು ಅಂತ ಎಲ್ಲೈತೆ? ಬುಡು.”

ನಾನು ಅವರ ದನಿ ಕೇಳಿದ್ದು ಅದೇ ಕೊನೆ.