ಇಜಾ ಹೇಳಿದ್ದು

ಖಟಕ್, ಖಟಕ್. ದೇವದಾರು ಮರಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಚ್ಚಿನ ಯಂತ್ರ ತುಳಿಯುವ ಸದ್ದು ಶುರುವಾಯಿತೆಂದರೆ ಗೋಪುಲಿ ಮಗನ ಕಡೆ ತಿರುಗದೆಯೇ, "ಹೋಗಪ್ಪ, ನಿನ್ನ ಎಮ್ಮೆ ಎದ್ದಿದೆ, ಮೇವು ಹಾಕು," ಎನ್ನುತ್ತಿದ್ದಳು. ಸೂಬೇದಾರ್ ಹಯಾತ್ ಸಿಂಗ್ ಬೋರಾ ಚಹಾದ ಲೋಟ ಕೆಳಗಿಟ್ಟು ಹೊರಡುತ್ತಿದ್ದ. ಮನೆಯಿಂದ ಪ್ರೆಸ್ಸಿಗೆ ಒಂದು ಇಳಿಜಾರು, ಪ್ರೆಸ್ಸಿನಿಂದ ಕರ್ನಲ್ ಸಾಹೇಬರ ಕಚೇರಿಗೆ ಒಂದು ಏರು. ಎಷ್ಟೋ ವರ್ಷಗಳಿಂದ ಅವನ ಲೋಕ ಅಷ್ಟೇ.

ಅವನಿಗೆ ಸಿಕ್ಕಿದ್ದು ಒಂದೇ ಯುದ್ಧ. ಚೀನಾದವರ ಎದುರು, ಹಿಮದಲ್ಲಿ, ಬಲಗಾಲಿನ ಬೆರಳುಗಳು ಕಪ್ಪಾಗಿ ಉದುರಿದವು. ಊರಿಗೆ ಕಳಿಸಬೇಕಾದವನನ್ನು, ಅಕ್ಷರ ದುಂಡಗಿದೆಯೆಂದು ರೆಜಿಮೆಂಟಿನ ಮಾಸಪತ್ರಿಕೆಗೆ ಹಾಕಿದರು. ಫುಟ್‌ಬಾಲ್ ಪಂದ್ಯ, ಬಡ್ತಿ ಪಡೆದವರ ಹೆಸರು, ಸತ್ತವರ ಪಟ. ಎಲ್ಲವೂ ಏರು ಹತ್ತಿ ಹೋಗಿ ಕೆಂಪು ಪೆನ್ಸಿಲ್ಲಿನ ಗೀಟು ಹೊತ್ತು ಇಳಿಯಬೇಕು. ಕಣಿವೆಯ ಹೆಸರಾಗಲಿ, ಹೊಳೆಯ ಹೆಸರಾಗಲಿ ಉಳಿಯುತ್ತಿರಲಿಲ್ಲ. ಪತ್ರಿಕೆಯ ಮೇಲೆ ಸಂಪಾದಕನೆಂದು ಅವನ ಹೆಸರಿತ್ತು. ಒಳಗೆ ಅವನದೆನ್ನುವ ಒಂದು ವಾಕ್ಯವಿರಲಿಲ್ಲ.

ಒಂದು ಸಲ, ಬಂದೂಕಿನ ಗುರಿಯ ಬಗ್ಗೆ ಮೇಜರೊಬ್ಬರು ಬರೆದ ಲೇಖನವನ್ನು ಕೊನೇ ಗಳಿಗೆಯಲ್ಲಿ ಮೇಲಿನವರು ತಡೆದರು. ಒಂದು ಪುಟ ಖಾಲಿ ಬಿತ್ತು. ಅಚ್ಚುಮೊಳೆ ಜೋಡಿಸುವ ಜೋಶಿ ಕೈಕಟ್ಟಿ ಕೂತಿದ್ದ. ಹಯಾತ್ ಬರೆಯಲೂ ಹೋಗಲಿಲ್ಲ. ಬಾಯಲ್ಲೇ ಹೇಳಿದ, ಜೋಶಿ ಜೋಡಿಸಿದ. ಒಬ್ಬ ತಾಯಿ ದಂಡಿನಲ್ಲಿರುವ ಮಗನಿಗೆ ಬೆಟ್ಟದ ಮಾತಿನಲ್ಲಿ ಹೇಳುವ ನಾಲ್ಕು ಮಾತು. ಹಸು ಕರು ಹಾಕಿತು. ಹುರುಳಿ ಬೇಯುತ್ತಿದೆ. ಕಾಲುಚೀಲ ಒದ್ದೆಯಾದರೆ ಬದಲಾಯಿಸು. ತಲೆಬರಹ 'ಇಜಾ ಹೇಳುತ್ತಾಳೆ'. ಇಜಾ ಎಂದರೆ ಆ ಬೆಟ್ಟಗಳಲ್ಲಿ ಅಮ್ಮ.

ಕೆಂಪು ಪೆನ್ಸಿಲ್ ಆ ಪುಟವನ್ನು ಮುಟ್ಟಲಿಲ್ಲ. ಮುಂದೆಯೂ ಯಾವತ್ತೂ ಮುಟ್ಟಲಿಲ್ಲ. ಹೇಸರಗತ್ತೆಯ ಮೇಲೆ ಗಡಿಯ ಠಾಣೆಗಳಿಗೆ ಹೋಗುವ ಪತ್ರಿಕೆಯಲ್ಲಿ ಜವಾನರು ಮೊದಲು ಬಿಚ್ಚುವುದು ಅದೇ ಎಂದಾಯಿತು. ಹಯಾತನ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳಲ್ಲ, ಮಾತು ಅವಳದೇ ಎಂದು ಎಲ್ಲರೂ ನಂಬಿದರು. ಅವನು ಇಲ್ಲವೆನ್ನಲಿಲ್ಲ. ಕಸಮ್ ಪರೇಡಿನಲ್ಲಿ ಆಣೆ ಮಾಡಿ ಬಂದ ಹೊಸ ಹುಡುಗರು, ಗಡಿಗೆ ಹೊರಡುವ ಮುನ್ನ ಅವಳ ಕಾಲು ಮುಟ್ಟಿ ಹಣೆಗೆ ಕುಂಕುಮ, ಅಕ್ಷತೆ ಇಡಿಸಿಕೊಳ್ಳುವುದು ವಾಡಿಕೆಯಾಗಿಹೋಯಿತು.

"ನಿನಗೇ ನಾನು ಯಾವತ್ತೂ ಇಷ್ಟು ಮೆತ್ತಗೆ ಮಾತಾಡಿಲ್ಲ," ಎಂದು ಗೋಪುಲಿ ಮೊದಮೊದಲು ಗೊಣಗಿದಳು. "ಊರವರ ಮಕ್ಕಳಿಗೆ ಕಾಲುಚೀಲ ಬದಲಾಯ್ಸು ಅಂತೀನಾ?" ಆಮೇಲೆ ಅಕ್ಷತೆಯ ತಟ್ಟೆ ಹೊಸ್ತಿಲ ಪಕ್ಕದಲ್ಲೇ ಇರತೊಡಗಿತು.

ಅವಳಿಗೆ ಓದು ಬರದು. ತಾನು ತಿಂಗಳು ತಿಂಗಳು ಏನು ಹೇಳುತ್ತಿದ್ದೇನೆಂದು ಅವಳು ಕೇಳಲಿಲ್ಲ.

ಒಂದು ವರ್ಷ ರಾಗಿ ಕಟಾವಿನ ಹೊತ್ತಿಗೆ ರಜೆಯ ಅರ್ಜಿಗಳು ಗುಡ್ಡೆ ಬಿದ್ದವು. ಕರ್ನಲ್ ಧಿಲ್ಲೋನ್ ಸಾಹೇಬರು ಹಯಾತನನ್ನು ಕರೆದು, ಹುಡುಗರು ನಮ್ಮ ಮಾತು ಕೇಳೋದಿಲ್ಲ, ಇಜಾ ಒಂದು ಮಾತು ಹೇಳಲಿ ಎಂದು ನಗುತ್ತಲೇ ಹೇಳಿದರು. ಇಜಾ ಹೇಳಿದಳು. ಹುಡುಗರು ಅರ್ಜಿಗಳನ್ನು ಒಂದೊಂದಾಗಿ ತಾವೇ ಹಿಂದಕ್ಕೆ ಪಡೆದರು.

ಹಿಮ ಬೀಳುವ ಮೊದಲು ಉಮೇದ್ ಸಿಂಗ್ ಎಂಬ ಜವಾನ ಬಾಗಿಲಿಗೆ ಬಂದ. ತಲೆ ಬೋಳಿಸಿತ್ತು. ಹೆಂಡತಿಯ ಕ್ರಿಯೆ ಮುಗಿಸಿ ಗಡಿಗೆ ಮರಳುತ್ತಿದ್ದ. ಗೋಪುಲಿಯ ಕಾಲು ಮುಟ್ಟಿ, ಯಾರನ್ನೂ ದೂಷಿಸದ ದನಿಯಲ್ಲಿ ಹೇಳಿದ: "ಇಜಾ, ಬರಬೇಡಿ ಅಂದ್ಯಲ್ಲ, ಅದಕ್ಕೇ ರಜೆ ಬಿಟ್ಟೆ. ಅವಳು ಬಸುರಿ. ಒಬ್ಬಳೇ ಹುಲ್ಲಿಗೆ ಹೋಗಿದ್ಲು. ಬಂಡೆ ಮೇಲಿಂದ ಜಾರಿದ್ಲು." ಆಮೇಲೆ ಹಣೆ ಮುಂದೆ ಮಾಡಿದ. ತಟ್ಟೆಯ ಕಡೆಗೆ ಗೋಪುಲಿಯ ಕೈ ಹೋಗಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದು, ಎದ್ದು ಹೋದ.

"ನಾನೇನು ಹೇಳಿದ್ದೆ?" ಎಂದಳು ಮಗನಿಗೆ. "ಓದು."

ಹಯಾತ್ ಓದಿದ. ಕಟಾವಿಗೆ ಬರಬೇಕೆಂದು ಒದ್ದಾಡಬೇಡಿ ಮಕ್ಕಳೇ, ಹೊಲ, ಹುಲ್ಲು ಎಲ್ಲ ನಾವು ಹೆಂಗಸರು ನೋಡಿಕೊಳ್ತೇವೆ.

"ನಿನಗ್ಯಾರು ಹೇಳಿಕೊಟ್ಟಿದ್ದು?"

"ಕರ್ನಲ್ ಸಾಹೇಬ್ರು."

"ಹಾಗಾದ್ರೆ ಅವರ ಹೆಸರು ಹಾಕ್ಬೇಕಿತ್ತು." ಅವಳು ತಟ್ಟೆಯ ಅಕ್ಷತೆಯನ್ನು ಅಂಗಳದ ಹಕ್ಕಿಗಳಿಗೆ ಚೆಲ್ಲಿದಳು. "ಇಜಾ ಸತ್ತಳು ಅಂತ ಬರಿ."

ಆ ಪುಟ ನಿಲ್ಲಿಸುತ್ತೇನೆಂದು ಹೇಳಲು ಅವನು ಏರು ಹತ್ತಿದ. ಕರ್ನಲ್ ಕುರ್ಚಿ ಕೊಟ್ಟರು, ಚಹಾ ತರಿಸಿದರು, ಉಮೇದ್ ಸಿಂಗನ ಸುದ್ದಿಗೆ ಮರುಗಿದರು. ಆದರೆ ಇಜಾ ಈಗ ರೆಜಿಮೆಂಟಿನವಳು, ನಿಮ್ಮೊಬ್ಬರ ತಾಯಿಯಲ್ಲ ಎಂದರು. ಹಯಾತನ ನಿವೃತ್ತಿಯನ್ನು ಮುಂದಕ್ಕೆ ಹಾಕಲು ತಾವು ಮೇಲಿನವರಿಗೆ ಬರೆದಾಗಿದೆ, ರೆಜಿಮೆಂಟಿನ ಮನೆಯೂ ಅವನಿಗೇ ಉಳಿಯುತ್ತದೆ. ಈ ಚಳಿಗಾಲ ಗಡಿಯಲ್ಲಿ ಜನ ಕಡಿಮೆ, ರಜೆ ಕೇಳಬೇಡಿ ಎಂದು ಇಜಾ ಇನ್ನೊಂದು ಮಾತು ಹೇಳಲಿ. ಎಲ್ಲವನ್ನೂ ಪ್ರೀತಿಯಿಂದಲೇ ಹೇಳಿದರು. ಸೆಲ್ಯೂಟ್ ಹೊಡೆದು ಹೊರಬಂದಾಗ ಬಾಗಿಲು ತೆರೆದೇ ಇತ್ತು. ಹಯಾತನಿಗೆ ಮಾತ್ರ ಅದು ಬೆನ್ನ ಹಿಂದೆ ಮುಚ್ಚಿಕೊಂಡಂತೆ ಅನ್ನಿಸಿತು.

ಮಾರನೆಯ ದಿನ ಗೋಪುಲಿ ಪ್ರೆಸ್ಸಿನ ಮೆಟ್ಟಿಲ ಮೇಲೆ ಬಂದು ಕೂತಳು. ತನ್ನ ಹೆಸರಲ್ಲಿ ಹೋಗುವುದನ್ನು ತಾನು ಕೇಳಿಯೇ ಏಳುವುದೆಂದಳು. ಕರ್ನಲ್ ಸಾಹೇಬರ ಆಳು ಅಚ್ಚಿನ ಕರಡು ಪ್ರತಿಗಾಗಿ ಕಾದು ನಿಂತಿದ್ದ.

"ಹೇಳಿ ಸೂಬೇದಾರ್ ಸಾಹೇಬ್ರೇ," ಎಂದ ಜೋಶಿ. "ಎಮ್ಮೆ ಹಸಿದಿದೆ."

ಹಯಾತ್ ಕಿಟಕಿಯ ಕಡೆ ನೋಡುತ್ತ ನಿಂತ. "ಮಕ್ಕಳೇ," ಎಂದ. ಜೋಶಿಯ ಬೆರಳು ಮೊಳೆಯ ಪೆಟ್ಟಿಗೆಯಲ್ಲಿ ಓಡಿತು. "ಕಟಾವಿಗೆ ಬರಬೇಡಿ ಅಂದದ್ದು ನಿಮ್ಮ ಇಜಾ ಅಲ್ಲ." ಬೆರಳು ನಿಂತಿತು, ಜೋಶಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಜೋಡಿಸಿದ. "ಮನೆಯಿಂದ ಕರೆದರೆ ಹೋಗಿ. ನಿಮಗೆ ಇಷ್ಟು ವರ್ಷ ಈ ಪುಟದಲ್ಲಿ ಮಾತಾಡಿದ್ದು ಯಾವ ತಾಯಿಯೂ ಅಲ್ಲ. ಅದು ನಾನು, ಈ ಪತ್ರಿಕೆಯ…"

ಮೆಟ್ಟಿಲ ಮೇಲೆ ಗೋಪುಲಿ ಮಗನ ಕಡೆ ತಿರುಗಿದಳು. ಆಳು ತಲೆ ತಗ್ಗಿಸಿದ.

"ಪತ್ರಿಕೆಯ?" ಎಂದ ಜೋಶಿ, ಖಾಲಿ ಬೆರಳು ಎತ್ತಿ ಹಿಡಿದು.

ಸಂಪಾದಕ ಎನ್ನುವ ಪದ ಹೇಳದೆಯೇ ಹಯಾತ್ ಗೋಡೆಯ ಗೂಟದಿಂದ ಟೋಪಿ ತೆಗೆದುಕೊಂಡ, ತಾಯಿಯ ಸೆರಗು ತುಳಿಯದಂತೆ ಪಕ್ಕಕ್ಕೆ ಕಾಲಿಟ್ಟು ಇಳಿದ. ಬೆರಳಿಲ್ಲದ ಕಾಲು ಎಳೆದುಕೊಂಡು, ಏರನ್ನೂ ಹಿಡಿಯದೆ ಮನೆಯ ದಾರಿಯನ್ನೂ ಹಿಡಿಯದೆ, ದೇವದಾರುಗಳ ನಡುವೆ ನಡೆದುಹೋದ.