ಖಾಲಿ ಡಬ್ಬಿ ಕೊಡಬಾರದು

ಟರ್‌ರ್‌ರ್ ಎಂದು ತಂತಿಬಲೆಯುದ್ದಕ್ಕೂ ಕೊಡೆಯ ತುದಿ ಎಳೆದುಕೊಂಡು ಬರುವ ಸದ್ದು. ಕೊರೊನಾದ ಆ ವಸಂತದಲ್ಲಿ ನನ್ನ ಗೆಳತಿ ಬಂದಳೆಂದು ನನಗೆ ತಿಳಿಯುತ್ತಿದ್ದದ್ದು ಹಾಗೆ. ಈಗಲೂ ಯಾವುದಾದರೂ ಬೇಲಿಯ ಪಕ್ಕ ನಡೆದರೆ ಕಾಲು ತಾನಾಗಿ ನಿಲ್ಲುತ್ತದೆ.

ನಾನಿರುವುದು ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ, ಮಗಳ ಜೊತೆ. ಗೆಳತಿ ಇದ್ದದ್ದು ಸ್ವಿಟ್ಜರ್‌ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್‌ನಲ್ಲಿ. ಕೇಳುವುದಕ್ಕೆ ಎರಡು ದೇಶ. ನಡೆದರೆ ಹದಿನೈದು ನಿಮಿಷ. ಸರೋವರದ ದಂಡೆಯಲ್ಲಿ ಬಾರ್ಡರ್ ಎಂದರೆ ಸಾಲಾಗಿ ನಿಂತ ಕೆಲವು ಶಿಲ್ಪಗಳು, ಅಷ್ಟೇ. ಮಂಗಳೂರಿನ ಹೆಂಗಸರಿಬ್ಬರು ಅವುಗಳ ನಡುವೆ ಡಬ್ಬಿ ಹಿಡಿದು ಓಡಾಡಿದರೆ ಕೇಳುವವರಿರಲಿಲ್ಲ.

ಒಂದು ಗುರುವಾರ ಅವಳು ಸ್ಟೀಲ್ ಡಬ್ಬಿ ತುಂಬ ಅಕ್ಕಿ-ಬೆಲ್ಲದ ಹಾಲುಬಾಯಿ ತಂದುಕೊಟ್ಟಳು. ಡಬ್ಬಿ ಅವಳ ಅಮ್ಮನದು, ತಳದಲ್ಲಿ ಇನಿಷಿಯಲ್ಸ್ ಕೊರೆದದ್ದು. ಬೇಗ ಹಿಂದಿರುಗಿಸಬೇಕೆಂದು ಎರಡು ಸಲ ಹೇಳಿ ಹೋದಳು. ಶುಕ್ರವಾರವೇ ತೊಳೆದು ಒರೆಸಿಟ್ಟೆ. ತಂದ ವಸ್ತುವನ್ನು ಪ್ರಾಂಪ್ಟ್ ಆಗಿ ಮುಟ್ಟಿಸಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಖಾಲಿ ಡಬ್ಬಿ ಕೊಡಬಾರದೆಂದು ಕಲಿಸಿದವಳು ನನ್ನಮ್ಮ. ಒಂದು ಹಿಡಿ ಸಕ್ಕರೆ ಹಾಕಿದ್ದರೆ ಸಾಕಿತ್ತು. ಆದರೆ ಅವಳ ಹಾಲುಬಾಯಿಗೆ ಬರೀ ಸಕ್ಕರೆಯೇ? ನನಗೆ ಪ್ರೆಸ್ಟೀಜ್. ಸೋಮವಾರ ಎಳ್ಳುಂಡೆ ಮಾಡಿ ಕೊಡೋಣವೆಂದುಕೊಂಡೆ.

ಸೋಮವಾರ ಎಳ್ಳು ಹುರಿಯುತ್ತಿದ್ದಾಗ ಮಗಳು ಫೋನಿನಿಂದ ತಲೆಯೆತ್ತಿ ಹೇಳಿದಳು: “ಅಮ್ಮ, ಗ್ರೆನ್ಸೆ ಕ್ಲೋಸ್ ಆಯ್ತಂತೆ. ಬಾರ್ಡರಿಗೆ ಬೇಲಿ ಹಾಕ್ತಿದ್ದಾರಂತೆ.”

ತಂತಿಬಲೆಯ ಕಣ್ಣಿನಲ್ಲಿ ನಮ್ಮ ಬೆರಳು ದಾಟುತ್ತಿತ್ತು, ಡಬ್ಬಿ ದಾಟುತ್ತಿರಲಿಲ್ಲ. ಮೇಲಿನಿಂದ ಎಸೆಯಲು ಆಚೆಯಿಂದ ಗೆಳತಿ ಹೇಳಿದಳು. ನಾನು ದೂರದ ಪೊಲೀಸನನ್ನು ನೋಡಿ, ಹಾಗೆಲ್ಲ ಮಾಡಬಾರದು, ಇಟ್ ಇಸ್ ನಾಟ್ ಡನ್ ಎಂದೆ.

“ಎಂತ ಕಾನ್ವೆಂಟು ಬುದ್ಧಿ ನಿಂದು! ಎಸಿ ಮಾರಾಯ್ತಿ. ಥ್ರೋಬಾಲ್ ಟೀಮಿನಲ್ಲಿದ್ದವಳು ನಾನು, ಹಿಡಿತೇನೆ.”

ಎಸೆಯಲಿಲ್ಲ. ಮನೆಗೆ ಬಂದು ಕುಳಿತಲ್ಲಿ ಕೂರಲಾಗಲಿಲ್ಲ. ಡಬ್ಬಿಯನ್ನು ಶೆಲ್ಫಿನಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಚೀಲಕ್ಕೆ ಸಾಗಿಸುತ್ತಿದ್ದೆ. ಈ ಸಲ ಎಸೆದೇಬಿಡುವುದೆಂದು ಮತ್ತೆ ಹೋದರೆ, ಜನ ತಂತಿಯ ಮೂಲಕ ಕೈಹಿಡಿಯುತ್ತಾರೆಂದು ಎರಡನೆಯ ಬೇಲಿ ಬಂದಿತ್ತು. ನಡುವೆ ಎರಡು ಮೀಟರ್ ಖಾಲಿ ಹುಲ್ಲು.

ಬೇಸಿಗೆಗೆ ಮುಂಚೆ ಬೇಲಿಗಳನ್ನು ಕಿತ್ತರು. ಅದಕ್ಕೆ ಹತ್ತು ದಿನ ಮೊದಲೇ ಅವಳ ಹೃದಯ ನಿಂತಿತ್ತು. ಡಬ್ಬಿ ನನ್ನಲ್ಲೇ ಇದೆ, ಒಳಗೆ ಸಕ್ಕರೆ.

ಅವಳನ್ನು ಕೊನೆಯ ಸಲ ನೋಡಿದ್ದು ಆ ಎರಡು ಬೇಲಿಗಳಾಚೆ. ಡಬ್ಬಿಯನ್ನು ಮೇಲೆತ್ತಿದೆ, ಅಷ್ಟು ದೂರ ಎಸೆಯುವ ಬಲ ನನ್ನ ಭುಜಕ್ಕಿರಲಿಲ್ಲ. ಅವಳು ಕೊಡೆಯನ್ನು ಹುಲ್ಲಿನ ಮೇಲೆಸೆದು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಕ್ಯಾಚಿಗೆ ನಿಂತಿದ್ದಳು.